ಬೆರಳು ಒತ್ತಿ ಹಿಡಿದ ಆಟ

ವಿಡಿಯೋ ಗೇಮು ಜೇಬಿಗೆ ಇಳಿಯುವ ಮೊದಲು, ಅದಕ್ಕಾಗಿ ಟೀವಿಯ ಮುಂದೆ ಚಾಪೆ ಹಾಸಿ ಕೂರುತ್ತಿದ್ದ ಕಾಲವೊಂದಿತ್ತು. ಒಂದು ಕಪ್ಪು ಪೆಟ್ಟಿಗೆ, ಅದಕ್ಕೆ ಎರಡು ರಿಮೋಟು, ಮೇಲಿನ ಬಾಯಿಗೆ ಒತ್ತಿ ಕೂರಿಸುವ ಹಳದಿ ಕ್ಯಾಸೆಟ್ಟು. ಕಿಬ್ಬನಹಳ್ಳಿ ಹತ್ತಿರದ ನಮ್ಮೂರಲ್ಲಿ ಅದು ಇದ್ದದ್ದು ಮೇಷ್ಟರ ಮನೆಯಲ್ಲಿ ಮಾತ್ರ. ಅವರ ಮಗಳು ನನ್ನ ಗೆಳತಿ. ಹಾಗಾಗಿ ಏಳನೇ ಕ್ಲಾಸು ಮುಗಿಸುವಷ್ಟರಲ್ಲಿ ವಿಡಿಯೋ ಗೇಮಿನ ವಿಷಯದಲ್ಲಿ ನಮ್ಮ ಮನೆಗೆ ನಾನೇ ಪಂಡಿತೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ.

ಆ ಬೇಸಿಗೆ ರಜೆಯಲ್ಲಿ ಕಂದಿಕೆರೆಯ ಸೋದರತ್ತೆಯ ಮನೆಯಿಂದ ಫೋನು ಬಂತು. ಅತ್ತೆಯ ಮಗ ಚೇತುವಿಗೆ ಆಗ ಆರು ವರ್ಷ. ಕಾಯಿ ಅಟ್ಟಕ್ಕೆ ಹಾಕಿದ್ದ ಏಣಿ ಹತ್ತಿ, ಸುಲಿದ ತೆಂಗಿನಕಾಯಿ ಮಟ್ಟೆಯ ಗುಡ್ಡೆ ಮೆತ್ತಗಿರುತ್ತದೆಂದು ಅದರ ಮೇಲೆ ಹಾರಿದ್ದ. ಗುಡ್ಡೆ ಜಾರಿತು, ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಹಾಕಿದ ಹಿಟ್ಟಿನ ಕಟ್ಟನ್ನು ಆ ಪುಣ್ಯಾತ್ಮ ಎದ್ದು ನಿಲ್ಲಲು ಹೋಗಿ ಬಿರುಕು ಬಿಡಿಸಿದ್ದ. ಎರಡನೇ ಕಟ್ಟು ಹಾಕಿದ ಡಾಕ್ಟರು, "ಇನ್ನೊಂದು ಸಲ ಹೀಗಾದ್ರೆ ಮೂಳೆ ಸೊಟ್ಟ ಕೂಡುತ್ತೆ, ಹುಡುಗ ಕುಂಟ್ತಾನೆ" ಎಂದರಂತೆ. ಅತ್ತೆ ಫೋನಿನಲ್ಲೇ ಅತ್ತರು. "ಹೆಂಗ್ ಕೂರ್ಸನ ಅಣ್ಣಾ ಇವನ್ನ? ಹಗ್ಗ ಹಾಕಿ ಕಟ್ಟಕ್ಕಾಯ್ತದಾ?"

ಹುಷಾರಿಲ್ಲದವರನ್ನು ನೋಡಲು ಬರಿಗೈಲಿ ಹೋಗಬಾರದು. ಬ್ರೆಡ್ಡು, ಮೂಸಂಬಿ ತೆಗೆದುಕೊಂಡು ಹೋಗೋಣವೆಂದು ಅಮ್ಮ ಅಂದಾಗ ನಾನು ಬಾಯಿ ಹಾಕಿದೆ. "ವಿಡಿಯೋ ಗೇಮು ಕೊಡಿಸಿದ್ರೆ ಕೂತ ಜಾಗ ಬಿಟ್ಟು ಏಳಲ್ಲ." ಅಪ್ಪ ನನ್ನನ್ನೇ ನೋಡಿದರು. ಅವತ್ತು ಮೊದಲ ಸಲ ನಮ್ಮ ಮನೆಯಲ್ಲಿ ನನ್ನ ಮಾತು ನಡೆಯಿತು. ಆ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ.

ಕೊಬ್ಬರಿ ಹರಾಜಿನ ದಿನ ಅಪ್ಪ, ತಾತ, ನಾನು ತಿಪಟೂರಿಗೆ ಹೋದೆವು. ಅಪ್ಪ ಮಾರ್ಕೆಟ್ಟಿಗೆ ನಡೆದರು. ನಾನು ತಾತನ ಕೈ ಎಳೆದುಕೊಂಡು ಅಂಗಡಿಗೆ ಓಡಿದೆ. ಕೊಬ್ಬರಿಯ ಘಮ, ದೋಸೆಯ ಘಮ ಎರಡೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದರೂ ಅವತ್ತು ನನಗೆ ದೋಸೆ ಬೇಡವಾಗಿತ್ತು. ಅಂಗಡಿಯವರು ಮೊದಲು ಪೆಟ್ಟಿಗೆ ತೆಗೆದಿಟ್ಟರು, ಆಮೇಲೆ ಗಾಜಿನ ಮೇಲೆ ಕ್ಯಾಸೆಟ್ಟುಗಳನ್ನು ಹರಡಿದರು. ನಾನು ಹೋಗಿ ಹೋಗಿ ಬಂದೂಕಿನ ಚಿತ್ರ ಇದ್ದದ್ದನ್ನೇ ಎತ್ತಿಕೊಂಡೆ.

"ಇದ್ರಲ್ಲಿ ಏನ್ ಮಾಡ್ಬೇಕು ಮಗಾ?" ತಾತ ಕೇಳಿದರು.

"ಎದುರಿಗೆ ಬಂದೋರ್ನೆಲ್ಲ ಸುಡ್ಬೇಕು ತಾತ."

"ನಾವೇ ಸತ್ರೆ?"

"ಇನ್ನೂ ಎರಡು ಜೀವ ಇರ್ತಾವೆ."

ತಾತ ಅದನ್ನು ನನ್ನ ಕೈಯಿಂದ ತೆಗೆದು ಆಚೆ ಇಟ್ಟರು. "ಬ್ಯಾಡ ಕಣವ್ವ. ಒಂದೇ ಜೀವ ಇರೋವಾಗ್ಲೇ ಕಾಲು ಮುರ್ಕಂಡವ್ನೆ. ಇನ್ನೆರಡೈತೆ ಅಂತ ತಿಳ್ಕಂಡ್ರೆ ನಾಳೆ ತೆಂಗಿನ್ ಮರದಿಂದ ಹಾರ್ತಾನೆ."

ಎಗರೆಗರಿ ಗೋಡೆ ದಾಟುವ ಆಟ ತೋರಿಸಿದೆ. ಎಗರೋದಂತೂ ಬೇಡವೇ ಬೇಡ. ಕುಸ್ತಿಯ ಆಟಕ್ಕೆ, "ಕೂತ್ಕಂಡೇ ಕಾಲು ಝಾಡಿಸ್ತಾನೆ" ಎಂದರು. ನನಗೆ ಸಿಟ್ಟು ಬಂತು. ಹೀಗೆ ಆರಿಸುತ್ತಾ ಕೂತರೆ ಬ್ರೆಡ್ಡು ಮೂಸಂಬಿಯೇ ಗತಿ ಎಂದು ಗೊಣಗಿದೆ.

"ಎಳೇ ಮಗೀಗೆ ಎಳನೀರು, ಹಲ್ಲಿರೋರ್ಗೆ ಕೊಬ್ಬರಿ" ಎಂದು ತಾತ ಸಮಾಧಾನವಾಗಿ ಹೇಳಿದರು. "ವಯಸ್ಸು ನೋಡಿ ಕೊಡ್ಬೇಕು ಕಣೇ. ನೀ ಆಡೋದ್ನೆಲ್ಲ ಅವ್ನು ಆಡಕ್ಕಾಯ್ತದಾ?"

ಕೊನೆಗೆ ಸಿಕ್ಕಿತು. ಮರದ ಮೇಲೆ ಮಂಗ ಕೂತು ಹಣ್ಣು ಕಿತ್ತು ಎಸೆಯುತ್ತದೆ, ಕೆಳಗೆ ನಾವು ಬುಟ್ಟಿ ಹಿಡಿದು ಆ ಕಡೆ ಈ ಕಡೆ ಓಡಾಡಬೇಕು. ತಾತನ ಮುಖ ಅರಳಿತು. ಕಾಯಿ ಕೆಡವುವುದು, ಆಯುವುದು ಅವರಿಗೆ ಗೊತ್ತಿರುವ ಕೆಲಸವೇ.

ಆ ಆಟದ್ದೇ ಎರಡು ಕ್ಯಾಸೆಟ್ಟು ಇದ್ದವು. ಕರೆಂಟಿರಲಿಲ್ಲ, ಹಾಕಿ ತೋರಿಸುವಂತಿಲ್ಲ. ತಾತ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ನಮ್ಮ ಕಡೆ ನೋಡುವುದೇ ಹಾಗೆ. ಚಿಪ್ಪಿನೊಳಗೆ ಗಡಗಡ ಎಂದರೆ ಉಂಡೆ ಕೊಬ್ಬರಿ ತಯಾರು, ಸದ್ದಿಲ್ಲದಿದ್ದರೆ ಇನ್ನೂ ಹಸಿ. ಒಂದು ಕ್ಯಾಸೆಟ್ಟು ಸುಮ್ಮನಿತ್ತು. ಇನ್ನೊಂದು ಚೆನ್ನಾಗಿ ಗಡಗಡ ಎಂದಿತು.

"ಇದ್ನೇ ಕೊಡಿ ಸ್ವಾಮಿ."

"ಯಜಮಾನ್ರೇ, ಅದ್ರೊಳಗೆ ಏನೋ ಸಡ್ಲ ಆಗಿದೆ ಕಣ್ರೀ. ಇದನ್ನ ತಗೊಳ್ಳಿ."

"ಸುಮ್ಕಿರಿ, ಹುಟ್ಟಿದಾಗ್ಲಿಂದ ಇದೇ ಕೆಲ್ಸ ನಮ್ದು" ಎಂದು ತಾತ ಗಡಗಡ ಅನ್ನುವುದನ್ನೇ ಜೇಬಿಗೆ ಹಾಕಿಕೊಂಡರು. ಪಂಡಿತೆಯಾದ ನಾನಾದರೂ ಬೇಡ ಅನ್ನಬೇಕಿತ್ತಲ್ಲ? ನಾನೂ ಅಲ್ಲಾಡಿಸಿ ನೋಡಿ ತಲೆಯಾಡಿಸಿದೆ.

ಮಾರನೇ ದಿನ ತಾತ, ನಾನು ಚಿಕ್ಕನಾಯಕನಹಳ್ಳಿ ಮೇಲೆ ಹಾದು ಕಂದಿಕೆರೆ ತಲುಪಿದೆವು. ಪಡಸಾಲೆಯ ಮಂಚದ ಮೇಲೆ ಚೇತು ದಿಂಬಿಗೆ ಒರಗಿದ್ದ. ಪೆಟ್ಟಿಗೆ ಕಂಡದ್ದೇ ಅವನ ಕಣ್ಣು ಇಷ್ಟಗಲವಾದವು. ಟೀವಿಯನ್ನು ಮಂಚದ ಬಳಿಗೆ ಎಳೆದೆವು, ತಂತಿ ಚುಚ್ಚಿದೆ, ಕ್ಯಾಸೆಟ್ಟು ಕೂರಿಸಿದೆ, ಸ್ವಿಚ್ಚು ಹಾಕಿದೆ. ಬರೀ ಗೆರೆಗಳು. ತೆಗೆದೆ, ಊದಿದೆ, ಮತ್ತೆ ಹಾಕಿದೆ. ಮತ್ತೆ ಗೆರೆಗಳೇ.

ಚೇತು ಅಳಲು ಶುರುಮಾಡಿದ. "ಸುಳ್ಳು ಗೇಮು ತಂದವ್ರೆ" ಎಂದವನೇ ರಿಮೋಟು ಎಸೆದು, ಕೈಯೂರಿ, ಕಟ್ಟಿದ ಕಾಲನ್ನು ಮಂಚದಿಂದ ಕೆಳಗಿಳಿಸಲು ಹೊರಟ. ಅತ್ತೆ ಓಡಿಬಂದು ಅವನ ತೊಡೆ ಅಮುಕಿ ಹಿಡಿದರು. ಕಾಲು ಸೊಟ್ಟಗಾದರೆ ಅದಕ್ಕೆ ನಾನೇ ಕಾರಣ ಅನ್ನಿಸಿ ನನಗೆ ಅಳು ಬಂತು.

ತಾತನಿಗೆ ಬಂದದ್ದು ಮಾತ್ರ ಕೋಪ, ಅದೂ ಕ್ಯಾಸೆಟ್ಟಿನ ಮೇಲೆ. "ಏನ್ ಬಂದೈತೆ ಇದ್ಕೆ" ಎಂದು ಹೆಬ್ಬೆರಳಿನಿಂದ ಒತ್ತಿದರು. ಟಿಣ್ ಅಂತ ಸದ್ದಾಯಿತು. ಟೀವಿಯಲ್ಲಿ ಹಸಿರು ಮರ, ಮಂಗ, ಬುಟ್ಟಿ ಮೂಡಿದವು. ತಾತ ಬೆರಳು ತೆಗೆದರು, ಮಂಗ ಮಾಯ. ಒತ್ತಿದರು, ಬಂತು.

"ಬುಡ್ಬ್ಯಾಡ ತಾತ, ಬೆರಳು ಬುಡ್ಬ್ಯಾಡ" ಎಂದು ಚೇತು ಕೂಗಿದ. ಅಳು ಎಲ್ಲಿ ಹೋಯಿತೋ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಚೇತು ಆಡುವುದು, ಪಕ್ಕದಲ್ಲಿ ತಾತ ಸ್ಟೂಲಿನ ಮೇಲೆ ಕೂತು ಕ್ಯಾಸೆಟ್ಟು ಒತ್ತಿ ಹಿಡಿಯುವುದು. "ಎಡಕ್ಕೆ ಕಣ್ಲಾ, ಎಡಕ್ಕೆ, ಅಯ್ಯೋ ಬಿತ್ತಲ್ಲಾ" ಎಂದು ಅವರೇ ಹಾರಾಡುತ್ತಿದ್ದರು. ಅವರು ಹಾರಾಡಿದರೆ ಬೆರಳು ಸಡಿಲ, ಮಂಗ ಮಾಯ, ಎಲ್ಲರಿಂದ ಬೈಗುಳ. ಅವರಿಗೆ ಕೈ ಸೋತರೆ ನಾನು, ನನಗೆ ಸೋತರೆ ಅತ್ತೆ. ಒಂದು ಸಂಜೆ ಅತ್ತೆ ಬೆರಳಿಟ್ಟು ಕೂತವರು ಒಲೆ ಮರೆತು ಹುರುಳಿಕಾಳಿನ ಸಾರು ಸೀದು ಮನೆಯೆಲ್ಲ ಹೊಗೆಯಾಯಿತು. ತೋಟದಿಂದ ಬಂದ ಮಾವ ಬೈಯಲು ಬಾಯಿ ತೆರೆದು, ಬುಟ್ಟಿಗೆ ಹಣ್ಣು ಬೀಳುವುದನ್ನು ನೋಡಿ ಕೆಸರುಗಾಲಲ್ಲೇ ಚಾಪೆಯ ಮೇಲೆ ಕೂತರು. ಅವತ್ತು ಮುದ್ದೆಗೆ ಮಜ್ಜಿಗೆಯೇ ಗತಿಯಾಯಿತು.

ತಿಪಟೂರಿಗೆ ಹೋದಾಗ ಕ್ಯಾಸೆಟ್ಟು ಬದಲಾಯಿಸಿಕೊಂಡು ಬರುತ್ತೇನೆಂದು ಮಾವ ಹೊರಟರು. ಚೇತು ಅದನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡ.

"ಯಾಕ್ಲಾ?"

"ಚೆನ್ನಾಗಿರೋದು ತಂದ್ರೆ ತಾತ ಊರಿಗ್ ಹೋಗ್ಬುಡ್ತೈತೆ."

ತಾತ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಎರಡು ದಿನಕ್ಕೆಂದು ಬಂದವರು ಕಟ್ಟು ಬಿಚ್ಚುವವರೆಗೂ ಇದ್ದರು. ಅಷ್ಟು ದಿನವೂ ಚೇತು ಮಂಚದಿಂದ ಇಳಿಯಲಿಲ್ಲ. ಕಟ್ಟು ಬಿಚ್ಚಿದ ದಿನ ಅವನು ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ. ಕಾಲು ನೆಟ್ಟಗಿತ್ತು.

ತಾತ ಹೋಗಿ ಬಹಳ ಕಾಲವಾಯಿತು. ಚೇತುವಿಗೆ ಈಗ ಆರು ವರ್ಷದ ಮಗಳಿದ್ದಾಳೆ. ಮೊನ್ನೆ ಅವಳ ಹುಟ್ಟುಹಬ್ಬಕ್ಕೆಂದು ಒಂದು ಗೇಮು ಹುಡುಕುತ್ತಾ ಕೂತೆ. ಈಗ ಅಲ್ಲಾಡಿಸಿ ನೋಡುವ ಕಷ್ಟವಿಲ್ಲ. ಯಾವುದು ಎಷ್ಟು ವಯಸ್ಸಿಗೆ, ಯಾವುದರಲ್ಲಿ ಹೊಡೆದಾಟವಿದೆ, ಎಲ್ಲ ಬರೆದೇ ಇರುತ್ತದೆ. ಚೆಂದದ್ದೊಂದು ಆರಿಸಿ ಚೇತುವಿಗೆ ಫೋನು ಮಾಡಿದೆ.

"ಅವಳ ವಯಸ್ಸಿಗೆ ಸರಿಹೋಗ್ತದಾ ಅಕ್ಕ?"

"ಸರಿಯಾಗಿ ಅವಳ ವಯಸ್ಸಿಗೇ ಮಾಡಿದ್ದು ಕಣೋ. ಯಾರೂ ಹೇಳಿಕೊಡೋದೂ ಬೇಡ. ಒಬ್ಬಳೇ ಕೂತು ಎಷ್ಟು ಹೊತ್ತು ಬೇಕಾದ್ರೂ ಆಡಬಹುದು."



"ಒಬ್ಬಳೇ ಆಡೋದಾದ್ರೆ ಬ್ಯಾಡ ಬುಡಕ್ಕ" ಎಂದ ಚೇತು.