ಹುಲ್ಲು ತುರುಕಿದ ಗಂಟೆ

ಸುರಂಗದ ಕತೆಗಳನ್ನು ನಾನು ನಂಬುತ್ತಿದ್ದವನಲ್ಲ. ಮಾಗಡಿ ಕೋಟೆಯ ಕೆಳಗೆ ಹಳೇ ಕಾಲದ ಸುರಂಗಗಳಿವೆ, ಒಂದು ಸಾವನದುರ್ಗದವರೆಗೂ ಹೋಗುತ್ತದೆ, ಒಳಗೆ ಹೋದವರು ಈಚೆ ಬಂದಿಲ್ಲ ಎಂದು ನಮ್ಮ ಕಡೆ ಹೇಳದವರೇ ಇಲ್ಲ. ಯಾರಾದರೂ ಆ ಮಾತು ತೆಗೆದರೆ ನಾನು ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು ನಾನು. ಕತ್ತಲೆಗೆ ಹೆದರಿದರೆ ನಮ್ಮ ಕಸುಬು ನಡೆಯುವುದಿಲ್ಲ. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ನನ್ನ ಮೊಮ್ಮಗಳು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಅವಳ ವಿಷಯ ಮೊದಲು ಹೇಳದಿದ್ದರೆ ನನಗೆ ಕೈ ಓಡುವುದಿಲ್ಲ. ನಾಲ್ಕು ವರ್ಷದವಳು. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿರುವ ಮಗ ಬೇಸಿಗೆಗೆಂದು ಅವಳನ್ನು ನಮ್ಮಲ್ಲಿ ಬಿಟ್ಟಿದ್ದಾನೆ. ಅವಳು ಹೊಸಿಲು ದಾಟಿದ ದಿನದಿಂದ ನನ್ನ ಮಂಡಿನೋವು ಎಲ್ಲಿ ಹೋಯಿತೋ ಕಾಣೆ. “ತಾತ, ಕುರಿ ಆಗು” ಅಂದರೆ ಕುರಿಯಾಗಿ ಬ್ಯಾ ಅನ್ನುತ್ತೇನೆ. ಊಟಕ್ಕೆ ಕೂತರೆ ಮೊದಲ ತುತ್ತನ್ನು ನನ್ನ ಬಾಯಿಗೇ ಇಡುತ್ತಾಳೆ. ಇದಕ್ಕಿಂತ ಹೆಚ್ಚಿನದು ಏನಿದೆ ಹೇಳಿ. ಮೊನ್ನೆ ಮಂಚದ ಕೆಳಗಿನ ಟ್ರಂಕು ಕೆದಕಿ ಒಂದು ಕಂಚಿನ ಗಂಟೆ ಎತ್ತಿಕೊಂಡು ಬಂದಳು. ಅಲ್ಲಾಡಿಸಿದಳು. ಸದ್ದಿಲ್ಲ. ಒಳಗೆ ಒಣಗಿ ಗಟ್ಟಿಯಾದ ಹುಲ್ಲು.

“ತಾತ, ಇದ್ರ ಬಾಯಿಗೆ ಯಾರು ಹುಲ್ಲು ತುರುಕ್ದೋರು?”

ನಾನೇ. ಅವಳಪ್ಪ ಇನ್ನೂ ಹುಟ್ಟಿರಲಿಲ್ಲ. ನನ್ನ ಹೆಂಡತಿ ಸಿದ್ದಮ್ಮ ಅವನನ್ನು ಹೊಟ್ಟೆಯಲ್ಲಿ ಹೊತ್ತಿದ್ದಳು. ತವರಿನಿಂದ ಅವಳು ತಂದದ್ದೆಂದರೆ ಚುಕ್ಕಿ ಎಂಬ ಹೆಣ್ಣುಕುರಿ. ಮಂದೆಯ ಮುಂದೆ ಯಾವಾಗಲೂ ಅದೇ ಇರುತ್ತಿತ್ತು. ಅದರ ಕೊರಳ ಗಂಟೆ ಎತ್ತ ಕೇಳಿಸಿದರೆ ಉಳಿದ ಕುರಿಗಳು ಅತ್ತ. ಅದೂ ಗಬ್ಬವಾಗಿತ್ತು. ಆವತ್ತು ಬೆಳಿಗ್ಗೆ ಸಿದ್ದಮ್ಮ ಬುತ್ತಿ ಕಟ್ಟಿಕೊಡುತ್ತಾ, “ಚುಕ್ಕಿ ಇವತ್ತೋ ನಾಳೆನೋ ಮರಿ ಹಾಕ್ತದೆ. ಅದ್ನ ಕಳ್ಕಂಡ್ ಬಂದ್ಯೋ, ನಾನು ತವರಿಗೋಯ್ತೀನಿ. ನೀನು ಕುರಿಹಟ್ಟಿ ಜೊತೆ ಸಂಸಾರ ಮಾಡ್ಕೊ” ಎಂದು ನಕ್ಕಳು. ಅರ್ಧ ತಮಾಷೆ, ಅರ್ಧ ನಿಜ. ತವರಿನವರ ಎದುರು ಅವಳಿಗಿದ್ದ ಮರ್ಯಾದೆಯೆಲ್ಲ ಆ ಕುರಿಯ ಕೊರಳಲ್ಲಿತ್ತು.

ಆ ತವರಿನಲ್ಲಿದ್ದವನು ಅವಳ ಅಣ್ಣ ಕರಿಯಪ್ಪ. ಹೊಲ ಇದ್ದವನು. ಮಂದೆ ಕಾಯುವವನಿಗೆ ತಂಗಿಯನ್ನು ಕೊಟ್ಟೆವಲ್ಲ ಎಂದು ಮದುವೆ ಚಪ್ಪರದಲ್ಲೇ ಹಲ್ಲು ಕಡಿದಿದ್ದ. ಆ ವಾರವಷ್ಟೇ ಸಂತೆಯಲ್ಲಿ ನಾಲ್ಕು ಜನರ ಎದುರಿಗೆ, “ನಿನ್ ಮೈ ವಾಸ್ನೆಗೆ ನನ್ ತಂಗಿ ಮೂಗ್ ಮುಚ್ಕೊಂಡು ಬಾಳ್ತಾವ್ಳೆ ಕಣ್ಲಾ” ಎಂದಿದ್ದ. ಜನ ನಕ್ಕರು. ನಾನು ನಗಲಿಲ್ಲ.

ಕುರಿ ಕಾಯುವವರೆಲ್ಲ ಬಲ್ಲ ಒಂದು ಕಳ್ಳತನವಿದೆ. ಬೇರೆಯವರ ಹೊಲಕ್ಕೆ ಮಂದೆ ನುಗ್ಗಿಸಬೇಕಾದರೆ ಗಂಟೆಯ ನಾಲಿಗೆ ಅಲ್ಲಾಡದಂತೆ ಒಳಗೆ ಹಸಿ ಹುಲ್ಲು ತುರುಕುವುದು. ಕೋಟೆಯ ಹಿಂದೆ ಕರಿಯಪ್ಪನದೊಂದು ಹುರುಳಿ ಹೊಲವಿತ್ತು. ನೆತ್ತಿಯ ಮೇಲೆ ಸೂರ್ಯ ಬಂದಿದ್ದ, ಸುತ್ತ ಯಾರೂ ಇರಲಿಲ್ಲ. ಹುಲ್ಲು ತುರುಕಿ, ಹೆಬ್ಬೆರಳಿನಿಂದ ಒತ್ತಿ, ಮಂದೆಯನ್ನು ಬಿಟ್ಟೆ. ಅವು ಹುರುಳಿ ಮೇಯುವ ಚರಚರ ಸದ್ದು ಕೇಳಿ ಸಂತೆಯ ಅವಮಾನ ತೀರಿಸಿಕೊಂಡಷ್ಟು ಸಂತೋಷಪಟ್ಟೆ.

ಆಮೇಲೆ ನೋಡಿದರೆ ಚುಕ್ಕಿ ಇಲ್ಲ. ಕರೆದೆ. ಹುಡುಕಿದೆ. ಕಿವಿಗೊಟ್ಟು ಹುಡುಕೋಣವೆಂದರೆ ಗಂಟೆಯ ಬಾಯನ್ನು ನಾನೇ ಕಟ್ಟಿದ್ದೆ. ಕೋಟೆ ಗೋಡೆಯ ಬುಡದಲ್ಲಿ, ಲಂಟಾನ ಪೊದೆಯ ಹಿಂದೆ, ಕಲ್ಲಿನ ಚೌಕಟ್ಟಿನ ಸುರಂಗದ ಬಾಯಿ. ಅದರ ಮುಂದಿನ ಧೂಳಿನಲ್ಲಿ ಗೊರಸಿನ ಗುರುತು, ಹಸಿ ಹಿಕ್ಕೆ. ನೆರಳಿಗೆಂದು ಒಳಗೆ ಹೋಗಿ ಮರಿ ಹಾಕುತ್ತಿರಬೇಕು ಅಂದುಕೊಂಡು ಬಗ್ಗಿ ನುಗ್ಗಿದೆ.

ಹತ್ತಿಪ್ಪತ್ತು ಹೆಜ್ಜೆಗೆ ಬೆಳಕು ಸತ್ತಿತು. ಬಾವಲಿ ನಾತ. ಹೊರಗೆ ಅಷ್ಟು ಬಿಸಿಲಿದ್ದರೂ ಗೋಡೆ ಮುಟ್ಟಿದರೆ ಹೆಣ ಮುಟ್ಟಿದಂತೆ ತಣ್ಣಗಿತ್ತು. ನನಗೆ ಹೇಳಲು ಬರುವುದಿಲ್ಲ, ಆದರೆ ಆಗದವರ ಮನೆಗೆ ಹೋದಾಗ ಯಾರೂ ಮಾತಾಡದೆ ಎಲ್ಲರೂ ಒಟ್ಟಿಗೆ ತಿರುಗಿ ನೋಡುತ್ತಾರಲ್ಲ, ಹಾಗಿತ್ತು ಒಳಗೆ. ವಾಪಸು ಹೋಗೋಣವೆನ್ನುವಷ್ಟರಲ್ಲಿ ಮುಂದೆ ಗಂಟೆ ಕೇಳಿಸಿತು.

ಚುಕ್ಕಿಯ ಗಂಟೆಯೇ. ಎಷ್ಟು ಕುರಿಗಳ ನಡುವೆಯೂ ಆ ಸದ್ದನ್ನು ಗುರುತಿಸಬಲ್ಲೆ. ಹುಲ್ಲು ಉದುರಿರಬೇಕು, ಒಳ್ಳೆಯದೇ ಆಯಿತು ಎಂದು ಹೋದೆ. ನಾನು ನಡೆದರೆ ಅದು ನಡೆಯಿತು. ನಿಂತರೆ ನಿಂತಿತು. ಕರೆದರೆ, ಅಣಕಿಸುವವರ ಹಾಗೆ, ಎರಡೇ ಸಲ ಟಿಣ್ ಟಿಣ್ ಎಂದು ಇನ್ನಷ್ಟು ಒಳಗೆ ಹೋಯಿತು. ಬೆಂಕಿಪೊಟ್ಟಣದಲ್ಲಿ ಒಂದೇ ಕಡ್ಡಿ ಉಳಿದಿತ್ತು. ಅದನ್ನು ಮರಿ ಎತ್ತಿಕೊಳ್ಳುವಾಗ ಬೆಳಕಿಗೆಂದು ಇಟ್ಟುಕೊಂಡೆ. ಕೊನೆಗೆ ಗಂಟೆ ಕೈಯಳತೆಯಲ್ಲಿ, ನನ್ನ ಎದೆಯ ಎತ್ತರದಲ್ಲಿ ಸದ್ದು ಮಾಡಿತು. ಕುರಿಯ ಕೊರಳು ಅಷ್ಟು ಎತ್ತರದಲ್ಲಿ ಇರುತ್ತದೆಯೇ ಎಂದು ನನಗೆ ಆಗ ಹೊಳೆಯಲಿಲ್ಲ. ಹಿಡಿಯಲು ಕಾಲೆತ್ತಿದೆ.

“ಲೇ ಕಳ್ನನ್ಮಗ್ನೇ! ಬಾರ್ಲಾ ಈಚೆಗೆ! ನನ್ ಹುರುಳಿ ಮೇಯ್ಸಿ ಬಿಲದೊಳಗೆ ಕುಂತಿದ್ದೀಯೇನ್ಲಾ? ನಿನ್ ಕುರಿ ನನ್ ಕೈಲೈತೆ!”

ಕರಿಯಪ್ಪನ ದನಿ. ಎತ್ತಿದ ಕಾಲು ಹಾಗೇ ನಿಂತಿತು. ಹಿಂದಕ್ಕಿಟ್ಟು ಕಡ್ಡಿ ಗೀರಿದೆ. ಮುಂದೆ ನೆಲವಿರಲಿಲ್ಲ. ಕಟ್ಟೆಯಿಲ್ಲದ ಬಾವಿಯಂಥ ಹೊಂಡ. ಕಡ್ಡಿ ಕೈಯಿಂದ ಜಾರಿತು. ಎಲ್ಲಿ ಆರಿತೋ ಕಾಣಲಿಲ್ಲ. ಕುರಿಯಿಲ್ಲ, ಗಂಟೆಯಿಲ್ಲ. ನಾನು ತಿರುಗಿದ ಕೂಡಲೇ ಬೆನ್ನ ಹಿಂದೆ ಗಂಟೆ ಮತ್ತೆ ಶುರುವಾಯಿತು, ಈ ಸಲ ಸಿಟ್ಟಿನಲ್ಲಿ ಕುಲುಕಿದ ಹಾಗೆ, ನಿಲ್ಲದೆ. ಗೋಡೆಗೆ ಮೈ ಉಜ್ಜಿಕೊಂಡು ಓಡಿ ಬಂದು ಬಿಸಿಲಿಗೆ ಬಿದ್ದೆ.

ಕರಿಯಪ್ಪ ಚುಕ್ಕಿಯ ಕಿವಿ ಹಿಡಿದು ನಿಂತಿದ್ದ. ಹುರುಳಿ ಸಾಲಿನ ನಡುವೆ ಮಲಗಿತ್ತಂತೆ. ಅದರ ಕೊರಳ ಗಂಟೆ ನೋಡಿದೆ. ಹುಲ್ಲು ನಾನು ಒತ್ತಿದ ಹಾಗೆಯೇ ಇತ್ತು, ಹೆಬ್ಬೆರಳಿನ ಗುಳಿ ಸಮೇತ. ನನಗೆ ಹೊಡೆಯಲೆಂದು ಎತ್ತಿದ್ದ ಅವನ ದೊಣ್ಣೆ ಕೆಳಗಿಳಿಯಿತು. ಅವನ ಕಣ್ಣು ನನ್ನ ಮೇಲಿರಲಿಲ್ಲ, ಸುರಂಗದ ಬಾಯಿಯ ಮೇಲಿತ್ತು. ದನಿ ತಗ್ಗಿಸಿ ಕೇಳಿದ:

“ಒಳಗೆ ಇನ್ನೊಂದು ಕುರಿ ಐತಾ?”

ನಾನು ತಲೆಯಾಡಿಸಿದೆ, ಇಲ್ಲವೆಂದು. ಅವನು ಚುಕ್ಕಿಯನ್ನು ನನ್ನ ಕಡೆ ತಳ್ಳಿ, ಹುರುಳಿಯ ಮಾತೂ ಎತ್ತದೆ ಹೊರಟುಹೋದ. ಆ ಸಂಜೆ ಚುಕ್ಕಿ ಎರಡು ಮರಿ ಹಾಕಿತು. ಆಮೇಲೆ ಅದರ ಕೊರಳಿಗೆ ಬೇರೆ ಗಂಟೆ ಕಟ್ಟಿದೆ. ಹಳೆಯದನ್ನು ಹುಲ್ಲಿನ ಸಮೇತ ಟ್ರಂಕಿನ ತಳಕ್ಕೆ ಹಾಕಿದೆ.

ಎಷ್ಟೋ ವರ್ಷಗಳ ನಂತರ ಒಂದು ಮದುವೆ ಊಟದಲ್ಲಿ ಪಕ್ಕದಲ್ಲೇ ಕೂತಿದ್ದ ಕರಿಯಪ್ಪನನ್ನು ಕೇಳಿದೆ: “ಬಾವ, ಅವತ್ತು ನೀನೂ ಕೇಳ್ದೆ ತಾನೆ?” “ಏನ್ ಕೇಳ್ದೆ? ನನ್ ಹುರುಳಿ ಅಗಿಯೋದು ಕೇಳ್ದೆ” ಎಂದು ಎಲೆ ಬಿಟ್ಟು ಎದ್ದ. ಸಾಯುವವರೆಗೂ ನನ್ನನ್ನು ಕಂಡರೆ ಅವನಿಗೆ ಆಗಲಿಲ್ಲ. ನನ್ನ ಜೀವ ಉಳಿಸಿದ್ದು ಆ ದ್ವೇಷವೇ. ಸುರಂಗದ ಬಾಯಿಗೆ ಆಮೇಲೆ ಯಾರೋ ಕಲ್ಲು ತುಂಬಿದರು.

ಮೊಮ್ಮಗಳು ಎರಡು ದಿನದಿಂದ ಒಂದೇ ಹಟ ಹಿಡಿದಿದ್ದಾಳೆ, “ಹುಲ್ಲು ತೆಗಿ ತಾತ.” ಚನ್ನಪಟ್ಟಣದಿಂದ ಬಣ್ಣದ ಮರದ ರೈಲು ತರಿಸಿಕೊಟ್ಟೆ. ಅದನ್ನು ಮೂಲೆಗಿಟ್ಟಳು. ಅವಳು ಕೇಳಿದ್ದನ್ನು ಇಲ್ಲವೆಂದವನಲ್ಲ ನಾನು. ನಿನ್ನೆ ಒಂದು ಎಳೆ ಹುಲ್ಲನ್ನು ಎಳೆದೂ ಎಳೆದೆ. ಅಲ್ಲಿಗೇ ಕೈ ನಿಂತಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ಇದನ್ನು ಬಾರಿಸಿದರೆ ಅದೇ ಸದ್ದು ಬಂದೀತೆಂದು ಭಯ. ಅದೇ ಬರದಿದ್ದರೆ, ಒಳಗೆ ನನ್ನನ್ನು ಕರೆದದ್ದು ಯಾವುದು ಎಂದು ಅದಕ್ಕಿಂತ ಹೆಚ್ಚು ಭಯ.

ಈಗ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಾಳೆ, ಗಂಟೆ ಮುಷ್ಟಿಯಲ್ಲೇ ಇದೆ. ಆವತ್ತು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಈ ಭಾರ ನನ್ನ ತೊಡೆಗೆ ಸಿಗುತ್ತಿರಲಿಲ್ಲ. ಎಳೆದ ಆ ಎಳೆಯನ್ನು ಅವಳಿಗೆ ಎಚ್ಚರವಾಗದಂತೆ ಮತ್ತೆ ಒಳಗೇ ತುರುಕಿ, ಹೆಬ್ಬೆರಳಿನಿಂದ ಒತ್ತಿದ್ದೇನೆ.