ಅಕ್ಕ ತೋರಿಸಿಕೊಂಡು ಬಂದ ನನ್ನ ರೋಗ

ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿರುವವನು ನಾನು. ಹೈದರಾಬಾದಿನ ಡಾಕ್ಟರು ಬರೆದುಕೊಟ್ಟ ಗಂಡು ಹಾರ್ಮೋನಿನ ಸೂಜಿಯಿಂದ ಗಡ್ಡ ಬಂದು, ಮುಟ್ಟು ನಿಂತು ಎರಡು ವರ್ಷವಾಗಿತ್ತು. ನಿಂತ ರಕ್ತ ಮತ್ತೆ ಶುರುವಾಯಿತು. ಶಹಾಬಾದ್ ಕಡೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸ ನನ್ನದು. ಮಷೀನಿನ ನೀರಿಗೆ ಎಲ್ಲರ ಪ್ಯಾಂಟೂ ಒದ್ದೆಯೇ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಒಂದು ದವಾಖಾನೆಗೆ ಹೋಗಿ ಹೆಂಗಸರ ಡಾಕ್ಟರ ಬಾಗಿಲಲ್ಲಿ ಪಾಳಿಗೆ ನಿಂತೆ.

"ಯಾರ ಜೋಡಿ ಬಂದೀರಿ? ಗಂಡಸ್ರು ಹೊರಗ ಕುಂದ್ರಿ," ಎಂದಳು ಸಿಸ್ಟರು.

"ನನಗೇ ತೋರಿಸೂದು ಅದರಿ," ಎಂದೆ ಮೆಲ್ಲಗೆ.

ಅವಳು ನನ್ನ ಮುಖ ನೋಡಿ ಇನ್ನಿಬ್ಬರು ಸಿಸ್ಟರುಗಳನ್ನು ನೋಡಲು ಕರೆದಳು. ಒಳಗೆ ಡಾಕ್ಟರು ನೋವು ಎಲ್ಲಿ ಅಂತ ಕೇಳಲಿಲ್ಲ. "ಕೆಳಗ ಏನ್ ಅದ, ತೋರ್ಸು ನೋಡಮು," ಅಂದರು. ಬಾಗಿಲು ತೆರೆದೇ ಇತ್ತು, ಎಲ್ಲರೂ ಇಣುಕುತ್ತಿದ್ದರು. ಏನನ್ನೂ ಬಿಚ್ಚದೆ ಎದ್ದು ಬಂದೆ. ಥೂ! ಸತ್ತರೂ ಸರಿ, ಇನ್ನು ದವಾಖಾನೆ ಮೆಟ್ಟಿಲು ಹತ್ತುವುದಿಲ್ಲ ಅಂತ ಅಕ್ಕನ ಮುಂದೆ ಆಣೆ ಮಾಡಿದೆ.

ನಮ್ಮ ಮನೆಗಳಲ್ಲಿ ಮದುವೆಯಾಗದ ಹುಡುಗಿಗೆ ಒಳಗಿನ ತ್ರಾಸವಾದರೆ, ಮದುವೆಯಾದವಳು ಅದು ತನ್ನದೇ ಅಂತ ಹೇಳಿ ಗುಳಿಗೆ ತರುತ್ತಾಳೆ. ಹುಡುಗಿಯ ಹೆಸರು ಕೆಡಬಾರದು ನೋಡಿ. ಅಕ್ಕ ಗಡ್ಡದ ತಮ್ಮನಿಗೂ ಅದನ್ನೇ ಮಾಡಿದಳು.

"ನೀ ಸುಮ್ಮ ಕುಂದ್ರು. ನಂದೇ ಅಂತ ಹೇಳಿ ಔಷಧ ತರ್ತೀನಿ."

ದವಾಖಾನೆಗೆ ಹೋಗಿ ನನ್ನ ರಕ್ತ, ನನ್ನ ನೋವು ಎಲ್ಲವನ್ನೂ ತನ್ನದೆಂದು ಹೇಳಿದಳು. ಡಾಕ್ಟರು ಅವಳನ್ನೇ ಪರೀಕ್ಷಿಸಿ, ಸ್ಕ್ಯಾನಿಂಗ್ ಮಾಡಿಸಿದರು. "ಏನೂ ಇಲ್ಲಂತ, ಎಲ್ಲಾ ಚಂದ ಅದಂತ!" ಅಂತ ಕುಣಿಯುತ್ತ ಬಂದಳು. ಇಬ್ಬರೂ ಪೇಢೆ ತಿಂದೆವು. ಎಂಥ ಹುಚ್ಚರು ನಾವು! ಅವರು ನೋಡಿದ್ದು ಅಕ್ಕನ ಗರ್ಭಕೋಶ. ರಕ್ತ ನಿಲ್ಲಲೆಂದು ಅವಳ ಹೆಸರಿಗೆ ಬರೆದುಕೊಟ್ಟ ಗುಳಿಗೆಯನ್ನು ಆರು ತಿಂಗಳು ನುಂಗಿದೆ.

ರಕ್ತ ನಿಲ್ಲಲಿಲ್ಲ, ಒಂದು ದಿನ ತಲೆ ಸುತ್ತಿ ಮಷೀನಿನ ಪಕ್ಕದಲ್ಲೇ ಬಿದ್ದೆ. ಅಕ್ಕ ಕಲಬುರಗಿಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರಮ್ಮ ಪರದೆ ಎಳೆದು, "ನಿಮಗ ಏನಂತ ಕರೀಲಿರಿ?" ಅಂದರು. ಮುಟ್ಟುವ ಮುಂಚೆ ಪ್ರತಿ ಸಲ ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ.

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ, ಜೊತೆ ಬಂದವರನ್ನು ಹೊರಗೆ ಕರೆಯುತ್ತಾರೆ. ಇವರು ವಾರದ ನಂತರ ರಿಪೋರ್ಟ್ ಹಿಡಿದು ನನ್ನೆದುರೇ ಕೂತರು.

"ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗ್ಯಾದರಿ. ಸೂಜಿಯಿಂದ ಆಗಿದ್ದಲ್ಲ. ಭಾಳ ಹಬ್ಬ್ಯಾದ. ಮೊದಲೇ ತೋರಿಸಬೇಕಿತ್ತು."

"ತೋರಿಸಿದ್ದೆನ್ರಿ ನಾ!" ಅಕ್ಕ ಹಣೆ ಬಡಿದುಕೊಂಡಳು. "ನನ್ನ ನೋಡಿ ಏನೂ ಇಲ್ಲಂದ್ರು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಡೆದದ್ದನ್ನೆಲ್ಲ ನಾನೇ ಬಿಡಿಸಿ ಹೇಳಿದೆ.

"ನನ್ನ ತಮ್ಮ ಉಳೀತಾನೇನ್ರಿ?" ಎಂದಳು ಅಕ್ಕ.

ಅವರು ಆಗಲೂ ನನ್ನ ಕಡೆಗೇ ತಿರುಗಿದರು. "ಹೇಳ್ಲೇನ್ರಿ ನಿಮಗ?"

"ಹೇಳ್ರಿ," ಎಂದೆ.

ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು. ನಾನೊಬ್ಬನೇ ಕೇಳಿಸಿಕೊಂಡೆ.