ಅಡಿಲೇಡ್‌ನಲ್ಲಿ ‘ಬಿಡ್ರೋ’ ಅಂದದ್ದು

ಪರ್ತ್‌ನ ನಮ್ಮ ಹುಡುಗರ ಕಬಡ್ಡಿ ಟೀಮಿಗೆ ಇಬ್ಬರು ಕೋಚ್ ಇದ್ದರು. ಒಬ್ಬ ರೈಡಿಗೆ ಹೋಗುವವರಿಗೆ ಹೇಳಿಕೊಡುತ್ತಿದ್ದ. ಅವನನ್ನು ಎಲ್ಲರೂ ಹೊಗಳುತ್ತಿದ್ದರು. ಇನ್ನೊಬ್ಬ ಹಿಡಿಯುವವರಿಗೆ ಹೇಳಿಕೊಡುತ್ತಿದ್ದ. ನಾನು ಹೇಳುತ್ತಿರುವುದು ಆ ಎರಡನೆಯವನ ವಿಷಯ.

ಹಗಲು ಹೊತ್ತು ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟದಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದ. ಸಂಜೆ ಎಲೆನ್‌ಬ್ರೂಕ್‌ನಲ್ಲಿ ನನ್ನ ಮಗಳ ಮನೆ ಎದುರಿನ ಪಾರ್ಕಿಗೆ ಬರುತ್ತಿದ್ದ. ಹುಡುಗರೆಲ್ಲ ಕಾಲೇಜಿಗೆ ಅಂತ ಬಂದವರು. ಹಾಸನ, ಕಲಬುರಗಿ, ಮಂಗಳೂರು, ಎಲ್ಲ ಕಡೆಯವರು. ಆಟ ಮುಗಿಸಿ ನಮ್ಮ ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದರು. ಕಲಬುರಗಿಯವನು ಮುದ್ದೆಯನ್ನು ಅಗಿಯುತ್ತಿದ್ದ. ನುಂಗೋ ಅಂತ ಗದರಿಸಿ ಗದರಿಸಿ ಕಲಿಸಿದೆ. ನಾನು ಅವರಿಗೆಲ್ಲ ಅಜ್ಜಿ, ಒಂದು ಸಲ ಕೂಗಿದರೆ ಕೇಳುತ್ತಿದ್ದರು.

ಕೋಚ್ ಹೇಳಿಕೊಡುತ್ತಿದ್ದದ್ದು ಇಷ್ಟೇ. ಕಣ್ಣು ರೈಡರ್ ಕಾಲಿನ ಮೇಲೆ, ಕೈ ಪಕ್ಕದವನ ಮಣಿಕಟ್ಟಿನ ಮೇಲೆ, ಕಿವಿ ಹೊರಗೆ. ಹೊರಗಿನಿಂದ ‘ಬಿಡ್ರೋ’ ಅಂದರೆ ಎಲ್ಲರೂ ಒಟ್ಟಿಗೆ ಕೈ ಬಿಡಬೇಕು. ಯಾರು ಅಂದರು, ಯಾಕೆ ಅಂದರು ಅಂತ ತಲೆ ಎತ್ತಬಾರದು.

“ಕೆಳಗೆ ಬಿದ್ದವನ ಕುತ್ತಿಗೆ ಮೇಲೆ ನಾಲ್ಕು ಜನ ಇರ್ತೀರಿ. ಆಗ ಯೋಚನೆ ಮಾಡೋಕೆ ಟೈಮ್ ಇರಲ್ಲ ಕಣ್ರೋ,” ಅನ್ನುತ್ತಿದ್ದ. ದಿನಾ ಅದನ್ನೇ ಮಾಡಿಸುತ್ತಿದ್ದ. ನೋಡಿ ನೋಡಿ ನನಗೇ ಬೇಜಾರಾಗುತ್ತಿತ್ತು.

ಹೋದ ವರ್ಷ ಅಡಿಲೇಡ್‌ನಲ್ಲಿ ಫೈನಲ್, ಬ್ರಿಸ್ಬೇನ್‌ನವರ ಮೇಲೆ. ನಮ್ಮವರು ಒಂದು ಪಾಯಿಂಟ್ ಮುಂದಿದ್ದರು. ಕೊನೇ ರೈಡು. ಅವರ ಹುಡುಗ ಒಳಗೆ ಬಂದ, ನಮ್ಮ ನಾಲ್ವರು ಹಿಡಿದು ಕೆಡವಿದರು. ಕಪ್ಪು ನಮ್ಮದೇ ಅಂತ ಜನ ಎದ್ದು ನಿಂತರು. ನಾನು ಗೆರೆ ಪಕ್ಕದಲ್ಲೇ ಮಡಚೋ ಕುರ್ಚಿ ಹಾಕಿಕೊಂಡಿದ್ದೆ. ಬಿದ್ದವನ ತಲೆ ಅವನ ಎದೆಯ ಕೆಳಗೆ ಮಡಚಿಕೊಂಡದ್ದು ಕಾಣಿಸಿತು. ಬಿಡ್ರೋ ಅಂದೆ.

ನಾಲ್ಕು ಜನರ ಕೈಯೂ ಒಟ್ಟಿಗೆ ಬಿಟ್ಟಿತು. ಬಿದ್ದವನು ಕಬಡ್ಡಿ ಅನ್ನುವ ಉಸಿರು ಇನ್ನೂ ಬಿಟ್ಟಿರಲಿಲ್ಲ. ತೆವಳಿ ನಡುಗೆರೆ ಮುಟ್ಟಿಬಿಟ್ಟ. ಕಪ್ಪು ಅವರಿಗೆ ಹೋಯಿತು. ಆಮೇಲೆ ಎದ್ದು ಕುಣಿದ ಬೇರೆ. ಕುಣಿಯಲಿ, ನಾನು ನೋಡಿದ್ದು ನೋಡಿದೆ.

ನನ್ನದು ಗಂಡು ಗಂಟಲು. ಫೋನ್ ಎತ್ತಿದರೆ ಬ್ಯಾಂಕಿನವರು ಸರ್ ಅನ್ನುತ್ತಾರೆ. ಕೋಚ್ ನನ್ನ ಪಕ್ಕದಲ್ಲೇ ನಿಂತಿದ್ದ. ಹಾಗಾಗಿ ಎಲ್ಲರೂ ಅವನೇ ಕೂಗಿದ್ದು ಅಂದುಕೊಂಡರು.

“ಅಣ್ಣ, ಯಾಕೆ ಬಿಡಿಸಿದ್ರಿ?” ಅಂತ ಕ್ಯಾಪ್ಟನ್ ಬಂದು ಕೇಳಿದ.

ಕೋಚ್ ನನ್ನನ್ನು ಒಂದು ಸಲ ನೋಡಿದ. “ನನಗೆ ಹಾಗನ್ನಿಸ್ತು. ನಡೀರಿ, ಬಸ್ ಹತ್ರಿ,” ಅಂದ.

ನಾನು ಚಿತ್ರಾನ್ನದ ಡಬ್ಬಿ ಮುಚ್ಚಳ ತೆಗೆಯುತ್ತಾ ಸುಮ್ಮನಿದ್ದೆ. ನಾಲ್ಕು ದಿನದಲ್ಲಿ ಮರೀತಾರೆ ಅಂದುಕೊಂಡೆ. ಅದು ಹೇಡಿತನ. ಅದಕ್ಕೆ ಬೇರೆ ಹೆಸರಿಲ್ಲ.

ಯಾರೂ ಮರೆಯಲಿಲ್ಲ. ಕೋಚ್ ಬೇರೆ ಕೆಲಸ ಸಿಕ್ಕಿ ಬ್ರಿಸ್ಬೇನ್‌ಗೆ ಹೋದ. ಈ ವರ್ಷದ ಪಂದ್ಯಾವಳಿ ಅಲ್ಲೇ. ಟೀಮ್ ಬಿಟ್ಟು ಹೋದ ಕೋಚ್ ಇರುವ ಊರಿನಲ್ಲಿ ಆಟ ನಡೆದರೆ, ಮೊದಲ ಮ್ಯಾಚಿಗೆ ಹುಡುಗರಿಗೆ ಜೆರ್ಸಿ ಕೊಡುವವನು ಅವನೇ. ಇದು ನಮ್ಮವರು ಇಟ್ಟುಕೊಂಡ ಪದ್ಧತಿ. ಈ ಸಲ ಅವನ ಕೈಯಿಂದ ಕೊಡಿಸಬಾರದು ಅಂತ ಮಾತು ಎದ್ದಿತು.

ಒಂದು ಭಾನುವಾರ ಆರ್ವೋ, ಅಂದರೆ ಇಲ್ಲಿಯವರ ಮಧ್ಯಾಹ್ನ, ಪಾರ್ಕಿನಲ್ಲಿ ಬಾರ್ಬಿ ಒಲೆ ಹಚ್ಚಿ ಜೋಳದ ತೆನೆ ಸುಡುತ್ತಿದ್ದರು. ಪ್ರತಿ ಮ್ಯಾಚಿಗೂ ಬಾವುಟ ಹಿಡಿದುಕೊಂಡು ಬರುವ ಇಂಜಿನಿಯರ್ ಒಬ್ಬನಿದ್ದಾನೆ, ಬೆಂಗಳೂರಿನವನು. ಹುಡುಗರು ಅಂಕಲ್ ಅನ್ನುತ್ತಾರೆ. ಅವನೇ ಶುರು ಮಾಡಿದ.

“ಅವನು ಮಾಡಿದ್ದೇನು ಹೇಳಿ? ಕೈಗೆ ಬಂದ ಕಪ್ಪು ಬಿಟ್ಟುಕೊಟ್ಟ.”

“ಫೈನಲ್‌ವರೆಗೂ ಹೋಗಿದ್ದೇ ಅವರ ಡಿಫೆನ್ಸ್‌ನಿಂದ ಅಂಕಲ್,” ಅಂದಳು ಹಾಸನದ ಹುಡುಗಿ. ಅವಳು ಒಂದು ಮ್ಯಾಚೂ ತಪ್ಪಿಸಿದವಳಲ್ಲ. “ನೀವು ಒಂದಿನ ಆದ್ರೂ ಗೆರೆ ಒಳಗೆ ಇಳಿದಿದ್ದೀರಾ?”

“ಈ ಜೋಳ ಸೀದಿದೆ ಅನ್ನೋಕೆ ನಾನೇ ಸುಡ್ಬೇಕಾ?”

“ಸುಟ್ಟಿದ್ದು ನೀವೇ ಅಂಕಲ್.”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಕೈ ಎತ್ತಿಸಿ ತೀರ್ಮಾನ ಮಾಡೋಣ, ಆ ಬಿಡ್ರೋ ಪ್ರಾಕ್ಟೀಸನ್ನೂ ನಿಲ್ಲಿಸೋಣ ಅಂದ. ಕ್ಯಾಪ್ಟನ್ ನೆಲ ನೋಡುತ್ತಾ ಕೂತಿದ್ದ. ಅವನೂ ಆ ಕಡೆಗೇ ಕೈ ಎತ್ತುತ್ತಾನೆ ಅಂತ ನನಗೆ ಗೊತ್ತಾಯಿತು.

ಎದ್ದು ನಿಂತೆ. “ಅಡಿಲೇಡ್‌ನಲ್ಲಿ ಬಿಡ್ರೋ ಅಂದದ್ದು ಅವನಲ್ಲ, ನಾನು,” ಅಂದೆ.

ಯಾರೂ ನಂಬಲಿಲ್ಲ.

“ಅಮ್ಮ, ಅವನು ನಿಮ್ಮನೇಲಿ ಉಂಡವನು, ಅದಕ್ಕೆ ಹೀಗಂತೀರಿ,” ಅಂದ ಬಾವುಟದವನು.

“ನೀನೂ ಉಂಡಿದ್ದೀಯ. ನಿನ್ನ ಪರವಾಗಿ ಮಾತಾಡ್ತಿದ್ದೀನಾ?”

ಬಾಯಲ್ಲಿ ಹೇಳಿ ಪ್ರಯೋಜನ ಇರಲಿಲ್ಲ. ಅವತ್ತು ಹಿಡಿದಿದ್ದ ನಾಲ್ವರನ್ನೂ ಎಬ್ಬಿಸಿದೆ. ಬಾವುಟದವನಿಗೆ, “ನೀನೇ ರೈಡಿಗೆ ಹೋಗಪ್ಪ, ಇವತ್ತಾದ್ರೂ ಇಳಿ,” ಅಂದೆ. ಏನು ಮಾಡುತ್ತೇನೆ ಅಂತ ಹೇಳಲಿಲ್ಲ. ಹುಡುಗಿ ಅಷ್ಟು ಚುಡಾಯಿಸಿದ ಮೇಲೆ ಅವನು ಹಿಂದೆ ಸರಿಯುವಂತಿರಲಿಲ್ಲ. ಬಿಳೀ ಬೂಟು ಹಾಕಿಕೊಂಡೇ ಕಬಡ್ಡಿ ಕಬಡ್ಡಿ ಅಂತ ಹೋದ. ಎರಡೇ ಹೆಜ್ಜೆ. ನಾಲ್ಕು ಜನ ಮುಗಿಬಿದ್ದು ಹುಲ್ಲಿಗೆ ಕೆಡವಿದರು. ನಾನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಬಿಟ್ಟು ಹಿಂದಿನಿಂದ ಕೂಗಿದೆ.

“ಬಿಡ್ರೋ.”

ನಾಲ್ವರೂ ಒಟ್ಟಿಗೆ ಕೈ ಬಿಟ್ಟರು. ಒಬ್ಬನೂ ತಲೆ ಎತ್ತಲಿಲ್ಲ. ಕೋಚ್ ಹೋಗಿ ಇಷ್ಟು ತಿಂಗಳಾದರೂ ಅವನು ಕಲಿಸಿದ್ದು ಕೈಗಳಲ್ಲಿ ಹಾಗೇ ಇತ್ತು. ಕ್ಯಾಪ್ಟನ್ ತನ್ನ ಅಂಗೈ ನೋಡಿಕೊಂಡ, ಆಮೇಲೆ ನನ್ನನ್ನು ನೋಡಿದ.

ಬಾವುಟದವನು ಹುಲ್ಲಿನ ಮೇಲೆ ಮಲಗಿದ್ದಂತೆಯೇ, “ಇದೇ ದನಿ. ಅವತ್ತು ಆ ಕಡೆಯಿಂದ ಕೇಳಿದ್ದು ಇದೇ,” ಅಂದ. ಕುತ್ತಿಗೆ ಸವರಿಕೊಂಡ. ಇನ್ನೊಂದು ಚೂರು ಹೊತ್ತು ಬಿಟ್ಟು ಕೂಗಿದ್ದರೆ ಗೊತ್ತಾಗ್ತಿತ್ತು ನಿನಗೆ ಅಂದೆ. ಕೈ ಎತ್ತಿಸುವ ಮಾತು ಅಲ್ಲಿಗೇ ನಿಂತಿತು.

ಕ್ಯಾಪ್ಟನ್ ಆಗಲೇ ಬ್ರಿಸ್ಬೇನ್‌ಗೆ ಫೋನ್ ಹಚ್ಚಿದ. ನಡೆದದ್ದೆಲ್ಲ ಹೇಳಿ, ಅಣ್ಣ, ಜೆರ್ಸಿ ನೀವೇ ಕೊಡಬೇಕು ಅಂದ, ಆಮೇಲೆ ಫೋನ್ ನನ್ನ ಕೈಗೆ ಕೊಟ್ಟ.

“ಅಜ್ಜಿ, ಈಗ ಯಾಕೆ ಅದನ್ನ ಎತ್ತಿದ್ರಿ? ನೀವು ಕೂಗದಿದ್ರೆ ನಾನೇ ಕೂಗ್ತಿದ್ದೆ. ಬಾಯಿ ತೆಗೆದಿದ್ದೆ, ನೀವು ಮೊದಲು ಕೂಗಿಬಿಟ್ರಿ.”

“ಅವತ್ತೇ ಹೇಳೋಕೆ ನಿನಗೇನಾಗಿತ್ತು?”

“ಹುಡುಗರು ನಿಮ್ಮ ಮೇಲೆ ಮುನಿಸ್ಕೊಂಡಿದ್ರೆ ಊಟಕ್ಕೆ ಎಲ್ಲಿಗೆ ಹೋಗ್ತಿದ್ರು? ಬ್ರಿಸ್ಬೇನ್‌ಗೆ ನೀವೂ ಬನ್ನಿ ಅಜ್ಜಿ. ಕುರ್ಚಿ ಮಾತ್ರ ಸ್ವಲ್ಪ ಹಿಂದೆ ಹಾಕ್ಕೊಳ್ಳಿ.”

ಮಗಳು ಟಿಕೆಟ್ ತೆಗೆದಿದ್ದಾಳೆ. ಮಂಡಿ ನೋವಿದೆ, ಆದರೂ ಹೋಗುತ್ತೇನೆ. ಕುರ್ಚಿ ಗೆರೆ ಪಕ್ಕದಲ್ಲೇ ಹಾಕುತ್ತೇನೆ.